ಎಂಟನೇ ಲೈನಿನ ಆಮೆಪೆಟ್ಟಿಗೆ

ಈ ಮಾತು ಇನ್ನೂ ನಡೆದಿಲ್ಲ. ಹತ್ತು ಹದಿನೈದು ವರ್ಷ ಬಿಟ್ಟು ನಡೆಯಬಹುದಾದದ್ದು. ಆದರೂ ನಡೆದುಹೋದದ್ದನ್ನು ಹೇಳುವ ಹಾಗೆ ಹೇಳಿಬಿಡುತ್ತೇನೆ. ಮುಂದೆ ಆಗುತ್ತದೆ, ಮುಂದೆ ಹೋಗುತ್ತದೆ ಎಂದು ರಾಗ ಎಳೆದರೆ ಕೇಳುವವರಿಗೆ ಆಕಳಿಕೆ ಬರುತ್ತದೆ.

ಹೊನ್ನಕಲ್ಲು ಎಂಬ ಚಿನ್ನದ ಗಣಿಯ ಊರಿನಲ್ಲಿ ವೆಂಕೋಬ ಎಂಬುವನೊಬ್ಬನಿದ್ದ. ಹಗಲಿಗೆ ಗಣಿಯ ಕಂಟ್ರೋಲ್ ರೂಮಿನಲ್ಲಿ ಆಪರೇಟರ್, ಸಂಜೆಗೆ ಕಾರ್ಮಿಕರ ಸೊಸೈಟಿಯ ಸೆಕ್ರೆಟರಿ. ಮೊದಲನೆಯದು ಹೊಟ್ಟೆಗೆ, ಎರಡನೆಯದು ಹೆಸರಿಗೆ. ಹೆಸರು ಅಂದೆನಲ್ಲ, ಅದನ್ನು ಅವನು ಒಂದೇ ಖರೀದಿಯಲ್ಲಿ ಮಣ್ಣುಪಾಲು ಮಾಡಿಕೊಂಡ.

ಆ ಕಾಲಕ್ಕೆ ಜನರ ಫೋಟೊ, ವಿಡಿಯೊ, ಹೊಲದ ಪಹಣಿ ಎಲ್ಲವೂ ಎಲ್ಲೋ ದೂರದ ಕಂಪನಿಗಳ ಗೋದಾಮಿನಲ್ಲಿ ಇರುತ್ತಿದ್ದವು. ತಿಂಗಳ ಬಾಡಿಗೆ ತಪ್ಪಿದರೆ ನಿಮ್ಮ ಮಗುವಿನ ಮುಖ ನಿಮಗೇ ಕಾಣುತ್ತಿರಲಿಲ್ಲ. 'ನಮ್ಮ ಸಾಮಾನು ನಮ್ಮ ಮನೆಯೊಳಗ ಇರಲಿ' ಎಂದು ವೆಂಕೋಬ ನಾಲ್ಕುನೂರು ಪೆಟ್ಟಿಗೆ ತರಿಸಿದ. ಊಟದ ಡಬ್ಬಿಯಷ್ಟು ದೊಡ್ಡ ತಗಡಿನ ಪೆಟ್ಟಿಗೆ. ಒಳಗೆ ಗಿರಗಿರ ತಿರುಗುವ ಎರಡು ತಟ್ಟೆ. ಮನೆಯ ವೈಫೈಗೆ ಸೇರಿಸಿದರೆ ಎಲ್ಲರ ಫೋನಿನ ಸಾಮಾನನ್ನೂ ತನ್ನೊಳಗೆ ಇಟ್ಟುಕೊಳ್ಳುತ್ತದೆ. ಹಳೇ ಫೋನ್ ಕೊಟ್ಟರೆ ಪೆಟ್ಟಿಗೆ ಬಹುಪಾಲು ಪುಕ್ಕಟೆ. ಈ ಹಳೇ ಫೋನಿನ ಉಪಾಯವೂ ವೆಂಕೋಬನದೇ. ಜನ ಸಾಲು ನಿಂತು ಒಯ್ದರು.

ಒಯ್ದ ಮೇಲೆ ಗೊತ್ತಾಯಿತು, ಅದು ಎಂಥ ನಿಧಾನದ ಪ್ರಾಣಿ ಎಂದು. ಮದುವೆಯ ವಿಡಿಯೊ ಹಾಕಿದರೆ ಅಕ್ಷತೆ ಎಸೆಯುವ ಹೊತ್ತಿಗೆ ನಿಂತುಬಿಡುತ್ತಿತ್ತು. ನೀವು ಒಳಗೆ ಹೋಗಿ ಚಹಾ ಕುಡಿದು ಬಂದರೂ ಅಕ್ಕಿಕಾಳು ಗಾಳಿಯಲ್ಲೇ ಇರುತ್ತಿದ್ದವು. ಊರು ಅದಕ್ಕೆ ಆಮೆಪೆಟ್ಟಿಗೆ ಎಂದು ಹೆಸರಿಟ್ಟಿತು. ವೆಂಕೋಬ ಚಹಾದಂಗಡಿಗೆ ಬಂದರೆ, "ಸೆಕ್ರೆಟರಿ ಸಾಹೇಬ್ರು ಬಂದ್ರು, ಚಹಾ ನಿಧಾನಕ್ಕ ಕೊಡ್ರಪಾ" ಎಂದು ನಗುತ್ತಿದ್ದರು. ಅವನೂ ನಗುತ್ತಿದ್ದ. ಮತ್ತೇನು ಮಾಡಿಯಾನು?

ಕೊಂಡದ್ದನ್ನು ಬಿಸಾಕುವ ಜಾತಿಯಲ್ಲ ನಮ್ಮ ಹೆಣ್ಣುಮಕ್ಕಳು. ಒಬ್ಬಾಕೆ ಹಪ್ಪಳದ ಅರಿವೆ ಹಾರದಂತೆ ಅದನ್ನು ಮೇಲಿಟ್ಟಳು. ಒಬ್ಬಾಕೆ ಬಾಗಿಲಿಗೆ ಅಡ್ಡ ಇಟ್ಟಳು. ಕೊನೆಗೆ ದೊಡ್ಡ ಉಪಯೋಗವನ್ನು ಕಂಡುಹಿಡಿದವಳು ವೆಂಕೋಬನ ಹೆಂಡತಿ ಹುಲಿಗೆಮ್ಮ. ಪೆಟ್ಟಿಗೆ ಹಗಲೂ ರಾತ್ರಿ ಬೆಚ್ಚಗಿರುತ್ತದಲ್ಲ, ಚಳಿಗಾಲದಲ್ಲಿ ಅದರ ಮೇಲೆ ಹೆಪ್ಪು ಹಾಕಿದ ಹಾಲಿನ ಗಡಿಗೆ ಇಟ್ಟರೆ ಬೆಳಗಾಗುವಷ್ಟರಲ್ಲಿ ಗಟ್ಟಿ ಮೊಸರು. ಸುದ್ದಿ ಲೈನಿನಿಂದ ಲೈನಿಗೆ ಹಬ್ಬಿತು. ಗಣಿಯ ಕ್ವಾರ್ಟರ್ಸಿನ ಸಾಲುಗಳಿಗೆ ಅಲ್ಲಿ ಲೈನು ಎನ್ನುತ್ತಾರೆ, ಒಟ್ಟು ಹನ್ನೆರಡು ಲೈನು. ಡಿಸೆಂಬರ್ ಹೊತ್ತಿಗೆ ಹನ್ನೆರಡೂ ಲೈನಿನಲ್ಲಿ ಮೊಸರು ಆಮೆಪೆಟ್ಟಿಗೆಯ ಮೇಲೆಯೇ.

ಅದಕ್ಕೆ ನಿಜವಾದ ಕೆಲಸ ಕೊಟ್ಟವಳು ಒಬ್ಬಳೇ, ವೆಂಕೋಬನ ಅಕ್ಕ ತಾಯಕ್ಕ. ಎಂಟನೇ ಲೈನಿನಲ್ಲಿ ಒಬ್ಬಳೇ ಇರುತ್ತಿದ್ದಳು. ಅವಳ ಗಂಡ ಸಾಬಣ್ಣ ಗಣಿಯಲ್ಲಿ ಬಂಡೆ ಕೊರೆದು ಕೊರೆದು ಎದೆಗೂಡಿನಲ್ಲಿ ಧೂಳು ತುಂಬಿಕೊಂಡು ಎರಡು ವರ್ಷದ ಹಿಂದೆ ತೀರಿಕೊಂಡಿದ್ದ. ಕೊನೆಯ ವರ್ಷ ಹಾಸಿಗೆಯಲ್ಲಿ ಕೂತು ತನ್ನ ಹಳೇ ಫೋನಿಗೆ ದಿನಾ ಮಧ್ಯಾಹ್ನ ಏನಾದರೂ ಹೇಳುತ್ತಿದ್ದ. 'ಇವತ್ತು ಮಂಗಳವಾರ' ಎಂದು ಶುರು ಮಾಡಿ, ಮನೆಯ ಕಾಗದ ಎಲ್ಲಿವೆ, ಯಾರ ಮದುವೆಯಲ್ಲಿ ಯಾರು ಮುನಿಸಿಕೊಂಡರು, ತಾಯಕ್ಕನ ಸಾರಿಗೆ ಉಪ್ಪು ಯಾಕೆ ಕಡಿಮೆ, ಎಲ್ಲ ಹೇಳುತ್ತಿದ್ದ. ಹೀಗೆ ನಲವತ್ತು ತಾಸಿನ ಮಾತು. ಫೋನ್ ಬದಲಿಗೆ ಪೆಟ್ಟಿಗೆ ಕೊಡುವಾಗ ವೆಂಕೋಬನೇ ಆ ಮಾತನ್ನೆಲ್ಲ ಪೆಟ್ಟಿಗೆಗೆ ತುಂಬಿಕೊಟ್ಟಿದ್ದ. ತಾಯಕ್ಕ ಅದನ್ನು ಮೂಲೆಯ ಬೀಸುವ ಕಲ್ಲಿನ ಮೇಲೆ ಇಟ್ಟು, ದಿನಾ ಉಂಡ ಮೇಲೆ ಕೇಳುತ್ತಿದ್ದಳು. ನಡುನಡುವೆ ನಿಂತರೆ ಬೇಸರವಿಲ್ಲ. "ಅವನೂ ಹಂಗೇ ನಿಂತು ನಿಂತು ಮಾತಾಡ್ತಿದ್ದ, ಉಸಿರು ಸಾಲ್ತಿರಲಿಲ್ಲ" ಎನ್ನುತ್ತಿದ್ದಳು.

ಸಂಕ್ರಾಂತಿಗೆ ಮುಂಚೆ ಎಂಟನೇ ಲೈನಿನ ಹೆಣ್ಣುಮಕ್ಕಳು ಆರೇಳು ಮಂದಿ ಪೆಟ್ಟಿಗೆ ಹಿಡಿದುಕೊಂಡು ಸೊಸೈಟಿಗೆ ಬಂದರು.

"ಸೆಕ್ರೆಟರಿ, ಇದು ವಾಪಸ್ ತಗೋರಿ. ನಮಗ ಕೆಟ್ಟ ಮಾಲು ಕೊಟ್ಟೀರಿ."

"ಏನಾತ್ರಿ? ನಿಧಾನ ಅನ್ನೋದು ಊರಿಗೇ ಗೊತ್ತದಲ್ಲ."

"ನಿಧಾನ ಇದ್ರ ಇರಲಿ, ಯಾರಿಗೆ ಬೇಕು! ಮಸರು ಹುಳಿ ಹಿಡೀತದ, ನೀರು ಬಿಡ್ತದ. ಐದನೇ ಲೈನಿನ್ಯಾಗ ಕಲ್ಲಿನಂಥ ಮಸರು, ನಮಗ ಮಜ್ಜಿಗಿ. ನಮ್ಮ ಪೆಟ್ಟಿಗಿ ಭಾಳ ಬಿಸಿ ಆಗ್ತಾವ. ನಿಮ್ಮ ಅಕ್ಕನ್ನೇ ಕೇಳ್ರಿ ಬೇಕಾದ್ರ."

ವೆಂಕೋಬ ಮುಟ್ಟಿ ನೋಡಿದ. ಎಲ್ಲವೂ ಒಂದೇ ಕಾರ್ಖಾನೆಯ ಒಂದೇ ಮಾಲು. ಹಾಗಾದರೆ ಎಂಟನೇ ಲೈನಿನವು ಮಾತ್ರ ಯಾಕೆ ಬಿಸಿಯಾಗಬೇಕು? ಕಂಪನಿಗೆ ದೂರು ಬರೆಯಬೇಕಾದರೆ ಪೆಟ್ಟಿಗೆಯ ದಿನಚರಿ ಕಳಿಸಬೇಕು. ಪ್ರತಿ ಪೆಟ್ಟಿಗೆಯೂ ತಾನು ಎಷ್ಟು ಹೊತ್ತಿಗೆ ಏನು ಮಾಡಿದೆ, ಎಲ್ಲಿ ಎಡವಿದೆ ಎಂದು ತನ್ನೊಳಗೇ ಬರೆದಿಡುತ್ತದೆ. ಹೆಂಗಸರನ್ನು ಸಮಾಧಾನ ಮಾಡಿ, ಪೆಟ್ಟಿಗೆಗಳನ್ನು ಇದ್ದಲ್ಲೇ ಇಡಲು ಹೇಳಿ, ನಾಲ್ಕುನೂರರ ದಿನಚರಿಯನ್ನೂ ಸೊಸೈಟಿಯ ಕಂಪ್ಯೂಟರಿಗೆ ಕಳಿಸುವಂತೆ ಆಜ್ಞೆ ಕೊಟ್ಟ. ಆಮೆ ತಾನೆ, ಅಷ್ಟು ತಿಂಗಳ ಬರಹವೆಲ್ಲ ಬಂದು ಮುಟ್ಟುವುದಕ್ಕೆ ಒಂಬತ್ತು ದಿನ ಹಿಡಿಯಿತು.

ಬಂದದ್ದನ್ನು ಕಂಟ್ರೋಲ್ ರೂಮಿಗೆ ಒಯ್ದು ಬಿಡುವಿನಲ್ಲಿ ನೋಡಿದ. ತಟ್ಟೆಯ ಮೇಲಿನ ಗೆರೆ ಕೂದಲಿಗಿಂತ ಎಷ್ಟೋ ತೆಳು. ಓದುವ ಮುಳ್ಳು ಆ ಗೆರೆಯ ಮೇಲೇ ನಿಲ್ಲಬೇಕು. ನೆಲ ಚೂರು ಅದುರಿದರೂ ಮುಳ್ಳು ತಪ್ಪುತ್ತದೆ, ಮತ್ತೆ ಓದುತ್ತದೆ, ಮತ್ತೆ ತಪ್ಪುತ್ತದೆ. ಬೆಲೆ ಬಾಳುವ ಪೆಟ್ಟಿಗೆಗಳಿಗೆ ರಬ್ಬರಿನ ಪಾದ ಇರುತ್ತದೆ, ಅದುರು ಒಳಗೆ ಹೋಗುವುದಿಲ್ಲ. ಇದಕ್ಕೆ ಬರೀ ತಗಡು. ಅದರ ಮೇಲೆ ಅಲ್ಲಿನ ಮನೆಗಳ ನೆಲಕ್ಕೆಲ್ಲ ಬಂಡೆಯ ಮೇಲೇ ಹಾಸಿದ ಪರಸಿಕಲ್ಲಿನ ಚಪ್ಪಡಿ. ಸುಮ್ಮನಿದ್ದಾಗಲೂ ಪೆಟ್ಟಿಗೆ ತನ್ನ ತಟ್ಟೆಯನ್ನು ತಾನೇ ಓದಿ ಪರೀಕ್ಷೆ ಮಾಡಿಕೊಳ್ಳುತ್ತಿರುತ್ತದೆ. ಎಡವಿದಷ್ಟೂ ಹೆಚ್ಚು ದುಡಿಯುತ್ತದೆ, ದುಡಿದಷ್ಟೂ ಬಿಸಿಯಾಗುತ್ತದೆ. ಮೊಸರು ಕೆಟ್ಟದ್ದು ಇದಕ್ಕೇ.

ಎಡವುವುದರಲ್ಲಿ ವಿಶೇಷವಿಲ್ಲ ಎಂದುಕೊಂಡ. ಗಣಿಯಲ್ಲಿ ದಿನಾ ಎರಡು ಗಂಟೆಗೆ ಭೋಂಗಾ, ಅಂದರೆ ಸೈರನ್ನು, ಕೂಗಿ, ಜನ ಮೇಲೆ ಬಂದ ಮೇಲೆ ಕೆಳಗೆ ಬಂಡೆ ಸಿಡಿಸುತ್ತಾರೆ. ಆ ಊರಿನ ಕೂಸು ತೊಟ್ಟಿಲಲ್ಲೇ ಅದಕ್ಕೆ ಹೊಂದಿಕೊಂಡಿರುತ್ತದೆ. ಪಾತ್ರೆ ಗಲ್ ಎಂದರೆ 'ಬ್ಲಾಸ್ಟಿಂಗು' ಎಂದು ಹೇಳಿ ಮಗ್ಗಲು ಬದಲಿಸುವ ಜನ. ಬೇರೆ ಊರಿನವರಾಗಿದ್ದರೆ ಎಂದೋ ಗಾಬರಿಬಿದ್ದು ಕೇಳುತ್ತಿದ್ದರು. ಇವರು ನೆಲ ಎಷ್ಟು ಅದುರಿದರೂ ಗಣಿಯ ಲೆಕ್ಕಕ್ಕೇ ಬರೆದುಬಿಡುತ್ತಿದ್ದರು.

ಆದರೆ ದಿನಚರಿಯಲ್ಲಿ ಎಳ್ಳಮಾವಾಸ್ಯೆಯ ದಿನವೂ ಇತ್ತು.

ಎಳ್ಳಮಾವಾಸ್ಯೆಗೆ ಆ ಸೀಮೆಯಲ್ಲಿ ಊರಿಗೆ ಊರೇ ಹೊಲಕ್ಕೆ ಹೋಗುತ್ತದೆ. ಭೂಮಿತಾಯಿಗೆ ಎಡೆಯೆಂದು ಬೆಳೆಯೊಳಗೆ ಚರಗ ಚೆಲ್ಲಿ, ಭಜ್ಜಿ, ಕಡುಬು, ಸಜ್ಜೆರೊಟ್ಟಿ ಉಂಡು ಹೊತ್ತು ಮುಳುಗುವಾಗ ಬರುತ್ತಾರೆ. ಅಂದು ಗಣಿ ಬಂದ್. ಸಿಡಿತವಿಲ್ಲ, ಲಾರಿಯಿಲ್ಲ, ಮನೆಯಲ್ಲಿ ಮಿಕ್ಸರ್ ತಿರುಗಿಸುವವರೂ ಇಲ್ಲ. ಹನ್ನೊಂದು ಲೈನಿನ ಪೆಟ್ಟಿಗೆಗಳು ಅಂದು ಎಡವಿಯೇ ಇಲ್ಲ. ಎಂಟನೇ ಲೈನಿನವು ಹಗಲೊಂದರಲ್ಲೇ ನಲವತ್ತಮೂರು ಸಲ ಎಡವಿದ್ದವು. ತಾಯಕ್ಕನ ಪೆಟ್ಟಿಗೆ ಎಲ್ಲಕ್ಕಿಂತ ಹೆಚ್ಚು.

ವೆಂಕೋಬ ಅದನ್ನು ಒಂದು ಹಾಳೆಗೆ ಅಚ್ಚು ಹಾಕಿಕೊಂಡ. ಎದ್ದು ಹೋಗಿ, ಕಂಪನ ನೋಡುವ ವಿಜ್ಞಾನಿ ನಸ್ರೀನ್ ಮೇಡಂ ಅವರ ಟೇಬಲ್ಲಿನ ಮುಂದೆ ಹಾಳೆ ಇಟ್ಟ. ಮೈಸೂರಿನ ಕಡೆಯವರು, ಹೆಚ್ಚು ಮಾತಿಲ್ಲ. ಎರಡು ಸಲ ಓದಿದರು.

"ಇದು ಯಾವ ಯಂತ್ರ ವೆಂಕೋಬ?"

"ಯಂತ್ರ ಅಲ್ರಿ ಮೇಡಂ. ನಮ್ಮ ಹೆಣ್ಮಕ್ಕಳು ಮಸರು ಹೆಪ್ಪ ಹಾಕೋ ಪೆಟ್ಟಿಗಿ."

ಅವರು ನಗಲಿಲ್ಲ. ಗೋಡೆಯ ನಕ್ಷೆಯ ಹತ್ತಿರ ಹೋದರು. ಗಣಿಯ ಬೆಲೆಬಾಳುವ ಕಂಪನ ಮಾಪಕಗಳೆಲ್ಲ ಗಣಿಗೆ ಇಳಿಯುವ ಹೊಸ ಶಾಫ್ಟಿನ ಸುತ್ತ ಇದ್ದವು. ಎಂಟನೇ ಲೈನು ನಕ್ಷೆಯ ಇನ್ನೊಂದು ತುದಿ. ಅಲ್ಲಿ ಕೆಳಗೆ ಏನೂ ಇಲ್ಲ ಎಂದೇ ಕಾಗದ ಹೇಳುತ್ತಿತ್ತು.

"ಎಲ್ಲಿಂದ ಬರುತ್ತಿದೆ ಅಂತ ಹೇಳಬೇಕಾದರೆ ಯಾವ ಪೆಟ್ಟಿಗೆಗೆ ಮೊದಲು ತಟ್ಟಿತು, ಯಾವುದಕ್ಕೆ ಆಮೇಲೆ ಅಂತ ಗೊತ್ತಾಗಬೇಕು," ಎಂದರು. "ಆದರೆ ಈ ಪೆಟ್ಟಿಗೆಗಳ ಗಡಿಯಾರ ನೋಡಿ, ಒಂದಕ್ಕೊಂದು ಹೊಂದೋದೇ ಇಲ್ಲ."

ಗಡಿಯಾರ ಹೊಂದಿಸುವ ದಾರಿ ವೆಂಕೋಬನಿಗೇ ಹೊಳೆಯಿತು. ಇಪ್ಪತ್ತು ವರ್ಷ ಎರಡು ಗಂಟೆಯ ಸಿಡಿತವನ್ನು ದಾಖಲೆ ಮಾಡಿದವನಲ್ಲವೇ. "ಮೇಡಂ, ನಾವು ಎಲ್ಲಿ ಸಿಡಿಸ್ತೀವಿ, ಯಾವ ಕ್ಷಣಕ್ಕ ಸಿಡಿಸ್ತೀವಿ, ಎರಡೂ ನಮಗ ಗೊತ್ತದ. ಅದು ನಾಲ್ಕುನೂರು ಪೆಟ್ಟಿಗಿಗೂ ತಟ್ಟತದ. ಅದನ್ನೇ ಎಲ್ಲಾದಕ್ಕೂ ಗಂಟೆ ಅಂತ ಹಿಡಿದ್ರ?"

ಹತ್ತು ದಿನದ ಸಿಡಿತಗಳನ್ನು ಹಿಡಿದು ಒಂದೊಂದೇ ಪೆಟ್ಟಿಗೆಯ ಗಡಿಯಾರ, ಒಂದೊಂದರ ಮೈಗುಣ ಹೊಂದಿಸಿದರು. ಹನ್ನೊಂದನೇ ದಿನ ನಕ್ಷೆಯ ಮೇಲೆ ಚುಕ್ಕೆಗಳು ಬಂದು ಕೂತವು. ಎಲ್ಲವೂ ಒಂದೇ ಕಡೆ: ಎಂಟನೇ ಲೈನಿನ ಕೆಳಗೆ, ಅರವತ್ತು ಎಪ್ಪತ್ತು ಅಡಿಯಲ್ಲಿ.

ನಕ್ಷೆ ನೋಡಿದ ಗಣಿಯ ಮ್ಯಾನೇಜರ್ ಮೊದಲು ಕನ್ನಡಕ ತೆಗೆದು ಒರೆಸಿಕೊಂಡರು. "ಮೊಸರು ಕೆಟ್ಟಿತು ಅಂತ ನಾನು ಗಣಿ ನಿಲ್ಲಿಸಬೇಕೇನು?"

"ಒಂದು ತೂತು ಕೊರೆಸಿ ಸಾರ್, ಸಾಕು" ಎಂದರು ನಸ್ರೀನ್ ಮೇಡಂ.

ಕೊರೆಸಿದರು. ಅರವತ್ತೆರಡು ಅಡಿಗೆ ಡ್ರಿಲ್ಲಿನ ರಾಡು ಒಮ್ಮೆಲೇ ಸರ್ರನೆ ಕೆಳಗಿಳಿಯಿತು, ಕೆಳಗೆ ನೀರಿನ ಸದ್ದು. ನೂರು ವರ್ಷದ ಹಿಂದೆ ಯಾರೋ ಚಿನ್ನದ ಎಳೆ ಹಿಡಿದು ತೋಡಿ, ನಕ್ಷೆಯಲ್ಲಿ ಬರೆಯದೆ ಬಿಟ್ಟುಹೋದ ಪೊಳ್ಳು. ಅದರ ಚಾವಣಿ ಚೂರುಚೂರೇ ಕಳಚಿ ಬೀಳುತ್ತಿತ್ತು. ಅಂದೇ ಸಿಡಿತ ನಿಂತಿತು, ಎಂಟನೇ ಲೈನಿನ ಮೂವತ್ತೆರಡು ಮನೆ ಖಾಲಿಯಾಯಿತು. ಕೈಗೆ ಸಿಕ್ಕದ್ದನ್ನು ತೆಗೆದುಕೊಂಡು ತಾಸಿನೊಳಗೆ ಹೊರಡಬೇಕು, ಪೆಟ್ಟಿಗೆ ಮಾತ್ರ ಇದ್ದಲ್ಲೇ ಇರಲಿ ಎಂದು ಆಜ್ಞೆ. ತಾಯಕ್ಕ ಅರಿವೆಯ ಗಂಟು ಹಿಡಿದು ತಮ್ಮನ ಮನೆಗೆ ಬಂದಳು.

ಬಂದವಳು ಅಂದು ಸಂಜೆ ಹುಲಿಗೆಮ್ಮ ಕೊಟ್ಟ ಚಹಾ ಮುಟ್ಟಲಿಲ್ಲ.

"ವೆಂಕೋಬ, ನನ್ನ ಪೆಟ್ಟಿಗಿ ಯಾವಾಗ ತಂದ್ಕೊಡ್ತಿ?"

ವೆಂಕೋಬ ಈ ಪ್ರಶ್ನೆಗೆ ಹೆದರಿಕೊಂಡೇ ಇದ್ದ. ಲೈನಿನ ತುದಿಯ ತೂತಿನಿಂದ ಪೊಳ್ಳಿಗೆ ಮರಳು ತುಂಬುವ ಕೆಲಸ ಬೆಳಿಗ್ಗೆ ಶುರುವಾಗಲಿತ್ತು. ಆರು ಮಂದಿ, ಮೇಸ್ತ್ರಿ ಮಾನಪ್ಪನ ಗುಂಪು. ಮರಳು ತುಂಬದಿದ್ದರೆ ಏಳನೇ ಲೈನು, ಒಂಬತ್ತನೇ ಲೈನೂ ಹೋಗುತ್ತವೆ. ತುಂಬುವಾಗ ಚಾವಣಿ ಕುಸಿದರೆ ಆರು ಮಂದಿಯೂ ಹೋಗುತ್ತಾರೆ. ಕುಸಿಯುವ ಮುಂಚೆ ಪೆಟ್ಟಿಗೆಗಳು ಎಡವುವುದು ಏರುತ್ತದೆ. ಎಡವಿದ ಲೆಕ್ಕವಷ್ಟನ್ನು ಪೆಟ್ಟಿಗೆ ಆಗಿಂದಾಗಲೇ ಕಳಿಸಬಲ್ಲದು, ಕಂಟ್ರೋಲ್ ರೂಮಿನಿಂದ ಅದನ್ನು ನೋಡಿ ಭೋಂಗಾ ಕೂಗಿಸಬೇಕು. ಎಲ್ಲಕ್ಕಿಂತ ಮೊದಲು ತಿಳಿಸುವುದು ಪೊಳ್ಳಿನ ನೆತ್ತಿಯ ಮೇಲೆ, ಬೀಸುವ ಕಲ್ಲಿನ ಮೇಲೆ ಕೂತ ತಾಯಕ್ಕನ ಪೆಟ್ಟಿಗೆ.

ಅವನು ಇದ್ದದ್ದು ಇದ್ದಂತೆ ಹೇಳಿದ. ತಾಯಕ್ಕ ಕೇಳಿಸಿಕೊಂಡಳು.

"ಅದರ ಜಾಗಕ್ಕ ಬ್ಯಾರೇದು ಇಡು. ನಿನ್ನ ಮನಿದೇ ಒಯ್ದು ಇಡು."

"ಆಗಂಗಿಲ್ಲಕ್ಕ. ಅದನ್ನ ಹೊಂದಿಸಾಕ ಹತ್ತು ದಿನದ ಬ್ಲಾಸ್ಟಿಂಗ್ ಬೇಕಾತು. ಈಗ ಬ್ಲಾಸ್ಟಿಂಗ್ ಮಾಡಿದ್ರ ನೆಲಾನೇ ಹೋಗತದ. ಜಾಗ ಬಿಟ್ಟು ಎತ್ತಿದ್ರೂ ಹೊಂದಿಸಿದ್ದು ಕೆಡ್ತದ."

"ಹಂಗಾದ್ರ ಅಲ್ಲೇ ಇರಲಿ. ಒಳಗಿನ ಮಾತು ವೈಫೈಯಾಗ ಇತ್ತ ಕಡೆ ಎಳಕೋ. ನಾ ಏನ್ ಪೆಟ್ಟಿಗಿ ಕೇಳಿನೇನು? ಮಾತು ಕೇಳೀನಿ."

"ಅದನ್ನೂ ಲೆಕ್ಕ ಹಾಕಿ ನೋಡೀನಿ. ಎಲ್ಲಾ ಬರಾಕ ಮೂರು ದಿನ ಬೇಕು. ಮಾತು ಕಳಸೋ ಮುಂದ ಅದಕ್ಕ ಬ್ಯಾರೆ ಧ್ಯಾಸ ಇರಂಗಿಲ್ಲ, ನೆಲ ಅದುರಿದ್ದು ಸರಿಯಾಗಿ ತಿಳಿಯಂಗಿಲ್ಲ. ಎರಡರಾಗ ಒಂದೇ ಕೆಲಸ ಅದರ ಕೈಲೆ ಆಗೋದು." ಅವನು ಅಕ್ಕನ ಎದುರು ನೆಲದ ಮೇಲೆ ಕೂತ. "ಆ ಫೋನ್ ನಾ ನಿನ್ನ ಕಡಿಂದ ಇಸಗೋಬಾರದಿತ್ತಕ್ಕ. ತಪ್ಪು ನಂದು."

ಹುಲಿಗೆಮ್ಮ ಒಳಗಿನಿಂದ ಬಂದು ತಾಯಕ್ಕನ ಪಕ್ಕ ಕೂತಳು. ತನ್ನ ಅಕ್ಕ ಬೇಡ ಎಂದುಬಿಟ್ಟರೆ ಏನು ಮಾಡಬೇಕೆಂದು ವೆಂಕೋಬನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಅವಳಿಗೆ ಹೇಳದೆ ಮಾಡಿಬಿಡಬಹುದಿತ್ತು. ಹಾಗೆ ಮಾಡಿದರೆ ಸಾಯುವ ತನಕ ಅವಳ ಮುಖ ನೋಡುವುದಾಗುತ್ತಿರಲಿಲ್ಲ.

"ಆರು ಮಂದಿ ಅಂದ್ರ ಯಾರ್ಯಾರು?" ಕೊನೆಗೆ ತಾಯಕ್ಕ ಕೇಳಿದಳು.

ವೆಂಕೋಬ ಒಂದೊಂದಾಗಿ ಹೆಸರು ಹೇಳಿದ. ಅವಳು ಪ್ರತಿ ಹೆಸರಿಗೂ ತಲೆ ಆಡಿಸಿದಳು. ಎಲ್ಲರ ಮನೆ ಅವಳಿಗೆ ಗೊತ್ತು, ಎಲ್ಲರ ಹೆಂಡಿರೂ ಗೊತ್ತು.

"ಇವತ್ತು ರಾತ್ರಿ ಖಾಲಿ ಇರತದಲ್ಲ, ಮುಂಜಾನೆ ತನಕ ಎಷ್ಟು ಬರತದ ಅಷ್ಟು ಎಳಕೋ" ಎಂದಳು. "ಮುಂಜಾನಿ ಅವರು ಕೆಲಸಕ್ಕ ನಿಂತ ಕೂಡ್ಲೇ ಬಂದ್ ಮಾಡು. ನನ್ನ ಕೇಳಾಕ ಬರಬ್ಯಾಡ."

ಬೆಳಗಾಗುವಷ್ಟರಲ್ಲಿ ಬಂದದ್ದು ಆರು ತಾಸಿನ ಮಾತು. ಎಂಟು ಗಂಟೆಗೆ ಮಾನಪ್ಪನ ಗುಂಪು ಪೈಪು ಜೋಡಿಸಿತು. ವೆಂಕೋಬ ಕಂಟ್ರೋಲ್ ರೂಮಿನಲ್ಲಿ ಕೂತು, ಓಡುತ್ತಿದ್ದ ನಕಲನ್ನು ತನ್ನ ಬೆರಳಿನಿಂದಲೇ ನಿಲ್ಲಿಸಿದ. ಪರದೆಯ ಮೇಲೆ ಪೆಟ್ಟಿಗೆ ಮತ್ತೆ ತನ್ನನ್ನು ತಾನು ಓದಿಕೊಳ್ಳುವುದಕ್ಕೆ ತೊಡಗಿತು.

ಮೊದಲ ದಿನ ಏನೂ ಆಗಲಿಲ್ಲ. ಸಂಜೆ ಮಾನಪ್ಪನ ಗುಂಪು ಕೆಲಸ ಬಿಟ್ಟ ಮೇಲೂ ನಸ್ರೀನ್ ಮೇಡಂ ನಕಲು ಮಾಡಲು ಬಿಡಲಿಲ್ಲ. ಎಡವುವುದು ಆಗಲೇ ಏರತೊಡಗಿತ್ತು, ಪಕ್ಕದ ಎರಡೂ ಲೈನಿನಲ್ಲಿ ಜನ ಮಲಗಿದ್ದರು. ಎರಡನೇ ದಿನ ಬೆಳಿಗ್ಗೆ ತಾಸಿಗೆ ಹತ್ತು ಸಲ, ಹದಿನೈದು ಸಲ. ಹನ್ನೊಂದು ಗಂಟೆ ಇಪ್ಪತ್ತು ನಿಮಿಷಕ್ಕೆ ತಾಯಕ್ಕನ ಪೆಟ್ಟಿಗೆ ಒಂದೇ ನಿಮಿಷದಲ್ಲಿ ಒಂಬತ್ತು ಸಲ ಎಡವಿತು. ಅಕ್ಕಪಕ್ಕದವು ಇನ್ನೂ ಸುಮ್ಮನಿದ್ದವು.

"ಮೇಡಂ."

"ನೋಡ್ತಿದೀನಿ. ಕೂಗಿಸಿ."

ಭೋಂಗಾ ಕೂಗಿತು. ಮಾನಪ್ಪ ಪೈಪನ್ನು ಹಾಗೇ ಬಿಟ್ಟು ಐವರನ್ನೂ ಮುಂದೆ ಹಾಕಿಕೊಂಡು ನಡೆದ. ಓಡಬೇಡಿ ಎಂದು ಮೊದಲೇ ಹೇಳಿಟ್ಟಿದ್ದರು. ಆರು ನಿಮಿಷಕ್ಕೆ ಅವರು ರಸ್ತೆಯ ಆಚೆ ಇದ್ದರು. ಹನ್ನೊಂದನೇ ನಿಮಿಷಕ್ಕೆ ಎಂಟನೇ ಲೈನಿನ ನಡುವಿನ ಹದಿನಾಲ್ಕು ಮನೆ ನೆಲದೊಳಗೆ ಇಳಿದವು. ದೊಡ್ಡ ಸದ್ದೇನೂ ಆಗಲಿಲ್ಲ ಎಂದು ನೋಡಿದವರು ಹೇಳಿದರು. ಮರಳು ಅರ್ಧಕ್ಕರ್ಧ ತುಂಬಿದ್ದರಿಂದ ಕುಸಿತ ಅಲ್ಲಿಗೇ ನಿಂತಿತು. ಏಳನೇ ಲೈನಿನ ಗೋಡೆಗಳಲ್ಲಿ ಬಿರುಕು ಬಿಟ್ಟಿತು, ಅಷ್ಟೆ. ಪರದೆಯ ಮೇಲೆ ತಾಯಕ್ಕನ ಪೆಟ್ಟಿಗೆಯ ಸಾಲು ಹನ್ನೊಂದು ಮೂವತ್ತೊಂದಕ್ಕೆ ಮುಗಿದಿತ್ತು.

ನಸ್ರೀನ್ ಮೇಡಂ ಎದ್ದು ಬಂದು ವೆಂಕೋಬನ ಹೆಗಲ ಮೇಲೆ ಕೈ ಇಟ್ಟರು. "ಮನೆಗೆ ಹೋಗಿ. ನಿಮ್ಮ ಅಕ್ಕನಿಗೆ ಮೊದಲು ನೀವೇ ಹೇಳಬೇಕು" ಎಂದರು.

ಅವನು ಮನೆಗೆ ಬಂದಾಗ ತಾಯಕ್ಕ ಬಾಗಿಲಲ್ಲೇ ನಿಂತಿದ್ದಳು. ಭೋಂಗಾ ಅವಳಿಗೂ ಕೇಳಿಸಿತ್ತು.

"ಎಷ್ಟು ಮಂದಿ ಬಂದ್ರು?"

"ಆರೂ ಮಂದಿ ಬಂದ್ರಕ್ಕ. ಒಬ್ಬರಿಗೂ ಏನೂ ಆಗಿಲ್ಲ."

"ಹೂಂ" ಎಂದಳು. ತನ್ನ ಮನೆಯ ಬಗ್ಗೆ ಕೇಳಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಜೋಳದ ರೊಟ್ಟಿ ತಟ್ಟುವ ಸದ್ದು ಬಂತು. ವೆಂಕೋಬ ಅಡಿಗೆಮನೆಯ ಬಾಗಿಲಿಗೆ ಬಂದು ನೋಡಿದ. ಹುಲಿಗೆಮ್ಮ ಒಲೆಯ ಮುಂದೆ, ತಾಯಕ್ಕ ಹಿಟ್ಟು ನಾದುವ ಕೊಣಮಿಗೆಯ ಮುಂದೆ. ರೊಟ್ಟಿಯ ಹಿಟ್ಟು ಮನೆಯವರಿಗೆ ಬೇಕಾದದ್ದಕ್ಕಿಂತ ಬಹಳ ಹೆಚ್ಚಿತ್ತು.

"ಇಷ್ಟೆಲ್ಲ ಯಾರಿಗಕ್ಕ?"

"ಪೈಪು ಬಿಟ್ಟು ಬಂದಾರಂದ್ರ ಬುತ್ತೀನೂ ಅಲ್ಲೇ ಬಿಟ್ಟು ಬಂದಿರ್ತಾರ. ಉಪಾಸ ಇರಬೇಕು ಪಾಪ. ಹೋಗು, ಕರಕೊಂಡು ಬಾ."

ಅವನು ಹೋಗಲಿಲ್ಲ, ಅಲ್ಲೇ ನಿಂತ. ತಾಯಕ್ಕ ರೊಟ್ಟಿಯನ್ನು ಕೈಯಲ್ಲಿ ತಿರುಗಿಸಿ ತಟ್ಟುತ್ತಲೇ ಮಾತಾಡಿದಳು, ಅವನ ಕಡೆ ನೋಡಲಿಲ್ಲ.

"ಬಂದಿರೋ ಆರು ತಾಸು ಹುಲಿಗಿ ನಿನ್ನೆ ನನಗ ಹಚ್ಚಿಕೊಟ್ಟಳು. ಒಂದು ಬುಧವಾರ ಅವ ಹೇಳಿದ್ದರ ತನಕ ಅದ. ಮುಂದಿಂದು ಇಲ್ಲ." ಕೈ ಒಂದು ಕ್ಷಣ ನಿಂತಿತು. "ನನಗ ಅವನ ದನಿ ಬೇಕಿತ್ತು ವೆಂಕೋಬ. ಭಾಳ ಬೇಕಿತ್ತು. ಅವರ ಮುಂದ ಮಾತ್ರ ಇದನ್ನ ಹೇಳಬ್ಯಾಡ. ಹೇಳಿದ್ರ ಅವರಿಗೆ ರೊಟ್ಟಿ ಗಂಟಲದಾಗ ಇಳಿಯಂಗಿಲ್ಲ."

ವೆಂಕೋಬ ಆಗಲಿ ಎಂದು ತಲೆಯಾಡಿಸಿ, ಚಪ್ಪಲಿ ಮೆಟ್ಟಿಕೊಂಡು ಆರು ಮಂದಿಯನ್ನು ಊಟಕ್ಕೆ ಕರೆಯಲು ಹೋದ.